ಮಂಗಳೂರು–ಮಣಿಪಾಲದಲ್ಲಿ ಎಂ.ಫಾರ್ಮ್ ಫಾರ್ಮಕಾಲಜಿ: ಸೇರುವ ಮೊದಲು ಲ್ಯಾಬ್ ನೋಡಿ

ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವ ವಿಷಯ ಫಾರ್ಮಕಾಲಜಿ. ನಮ್ಮ ಕರಾವಳಿಯಲ್ಲಿ ಅದರ ಎಂ.ಫಾರ್ಮ್ (ಫಾರ್ಮಸಿ ಸ್ನಾತಕೋತ್ತರ) ಸೀಟಿಗೆ ಬರವಿಲ್ಲ. ಮಣಿಪಾಲದ ಫಾರ್ಮಸಿ ಕಾಲೇಜು 1963ರಿಂದಲೂ ಇದೆ. ಈಚೆ ದೇರಳಕಟ್ಟೆ ಆಸುಪಾಸಿನಲ್ಲಿ ನಿಟ್ಟೆಯ ಎನ್‌ಜಿಎಸ್‌ಎಂ, ಯೆನೆಪೋಯ, ವಳಚ್ಚಿಲ್‌ನಲ್ಲಿ ಶ್ರೀನಿವಾಸ. ಎಲ್ಲಿ ಸೇರಿದರೂ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪಠ್ಯದ ಚೌಕಟ್ಟು ಫಾರ್ಮಸಿ ಕೌನ್ಸಿಲ್‌ನದು. ಹಾಗಾಗಿ ಬ್ರೋಷರ್‌ನಲ್ಲಿರುವ ವಿಷಯಗಳ ಪಟ್ಟಿ ನೋಡಿ ಕಾಲೇಜು ಆರಿಸುವುದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಇರುವುದು ವಾರಕ್ಕೆ 12 ಗಂಟೆಯ ಪ್ರಾಕ್ಟಿಕಲ್‌ನಲ್ಲಿ ಮತ್ತು ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್‌ನಲ್ಲಿ.

ಮೊದಲು ಆರ್ಗನ್ ಬಾತ್ ಬಗ್ಗೆ ಕೇಳಿ: ಪ್ರಾಣಿಯ ಅಂಗದ ತುಂಡನ್ನು ಬೆಚ್ಚಗಿನ ದ್ರಾವಣದಲ್ಲಿ ಜೀವಂತವಾಗಿಟ್ಟು ಔಷಧದ ಪರಿಣಾಮ ಅಳೆಯುವ ಉಪಕರಣ ಅದು. ಬಿ.ಫಾರ್ಮ್‌ಗೆ ಸಾಫ್ಟ್‌ವೇರ್ ಸಿಮ್ಯುಲೇಷನ್ ಸಾಕು, ಎಂ.ಫಾರ್ಮ್‌ಗೆ ಸಾಲದು. ಗಿನಿಪಿಗ್ ಸಿಗದಿದ್ದರೆ ಕೋಳಿ ಅಂಗಡಿಯಿಂದ ತಂದ ತಾಜಾ ಕರುಳಿನಲ್ಲಾದರೂ ಕರುಳನ್ನು ಕುಗ್ಗಿಸುವ ಅಸೆಟೈಲ್‌ಕೋಲಿನ್‌ನ ಡೋಸ್-ರೆಸ್ಪಾನ್ಸ್ ಕರ್ವ್ (ಡೋಸ್ ಏರಿದಂತೆ ಕುಗ್ಗುವಿಕೆ ಎಷ್ಟು ಏರುತ್ತದೆ ಎಂಬ ರೇಖೆ) ಮಾಡಿಸಬೇಕು. ಕರುಳನ್ನು ಮುಳುಗಿಸಿಡುವ ದ್ರಾವಣವನ್ನು ವಿದ್ಯಾರ್ಥಿಯೇ ತಯಾರಿಸುವ ಕಡೆ ಕಲಿಕೆ ಗಟ್ಟಿ. ಟೈರೋಡ್ ಎಂಬ ಲವಣಗಳ ದ್ರಾವಣ ಮಾಡುವಾಗ ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆಯಾಗಿ ಕರಗಿಸಿ, ಉಳಿದದ್ದೆಲ್ಲ ಚೆನ್ನಾಗಿ ತೆಳುವಾದ ಮೇಲೆ ಕೊನೆಗೆ ಸೇರಿಸಬೇಕು. ಮೊದಲೇ ಸುರಿದರೆ ಬೈಕಾರ್ಬನೇಟ್, ಫಾಸ್ಫೇಟ್ ಜೊತೆ ಸೇರಿ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ, ಕ್ಯಾಲ್ಸಿಯಂ ತಳ ಸೇರುತ್ತದೆ, ಕರುಳು ಕುಗ್ಗುವುದಿಲ್ಲ. ಪಾಪ, ಬೈಗುಳ ಮಾತ್ರ ಟಿಶ್ಯೂಗೆ! ಬಾತ್ 37 ಡಿಗ್ರಿಗೆ ಬಂದಿದ್ದರೂ ಅರ್ಧ ಗಂಟೆಯಾದರೂ ಟಿಶ್ಯೂ ನೆಲೆಗೊಳ್ಳಲು ಬಿಡದೆ ಡೋಸ್ ಹಾಕಿಸುವ ಲ್ಯಾಬ್‌ಗಳೂ ಇವೆ. ಅಲ್ಲಿ ಬೇಸ್‌ಲೈನ್ (ಡೋಸಿಗೆ ಮೊದಲಿನ ರೇಖೆ) ಜಾರುತ್ತಲೇ ಇರುತ್ತದೆ.

ಅನಿಮಲ್ ಹೌಸ್‌ನ ಒಳಗೆ ಹೊರಗಿನವರನ್ನು ಬಿಡದಿದ್ದರೆ ಅದು ಒಳ್ಳೆಯ ಲಕ್ಷಣವೇ. ಆದರೆ ತಾಪಮಾನ, ತೇವಾಂಶದ ಲಾಗ್‌ಬುಕ್ ತೋರಿಸಲು ಹಿಂಜರಿಯಬಾರದು. ಇಲಿಗಳಿಗೆ ಬೇಕಾದದ್ದು ಸುಮಾರು 22 ಡಿಗ್ರಿ ಮತ್ತು ಶೇ. 30ರಿಂದ 70ರೊಳಗಿನ ತೇವಾಂಶ; ನಮ್ಮ ಆಟಿ ತಿಂಗಳಿನ (ಜುಲೈ–ಆಗಸ್ಟ್ ಮಳೆಗಾಲದ) ಗಾಳಿ ಅದನ್ನು ಎಲ್ಲಿ ಕೇಳುತ್ತದೆ? ತೇವ ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ಪಂಜರದ ಉಮಿ ಒಣಗುವುದೇ ಇಲ್ಲ, ಅಮೋನಿಯಾ ಏರುತ್ತದೆ, ಇಲಿಗಳ ಉಸಿರಾಟ ಕೆಡುತ್ತದೆ, ಡೇಟಾ ಚೆಲ್ಲಾಪಿಲ್ಲಿಯಾಗುತ್ತದೆ. ಜುಲೈ ತಿಂಗಳ ಪುಟಗಳನ್ನೇ ತೆರೆದು ನೋಡಿ. ದಿನವೂ ಒಂದೇ ಅಂಕಿ, ಒಂದೇ ಪೆನ್ನಿನ ಶಾಯಿ ಇದ್ದರೆ ಅದನ್ನು ಒಂದೇ ದಿನ ಕೂತು ಬರೆದದ್ದು.

ಹೆಚ್ಚಿನವರು ಎಡವುವುದು ಥೀಸಿಸ್‌ನಲ್ಲಿ. ರಿಸರ್ಚ್ ಇರುವುದು ಮೂರನೇ, ನಾಲ್ಕನೇ ಸೆಮಿಸ್ಟರ್‌ನಲ್ಲಿ. ಸಂಸ್ಥೆಯ ಅನಿಮಲ್ ಎಥಿಕ್ಸ್ ಕಮಿಟಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಆ ಕಮಿಟಿಗೆ ಸಲ್ಲಿಸುವ ಅರ್ಜಿ ಫಾರಂ ಬಿ ತಿದ್ದುಪಡಿಗೆ ವಾಪಸ್ ಬಂದರೆ ಮುಂದಿನ ಸಭೆಯವರೆಗೆ ಕೈಕಟ್ಟಿ ಕೂರಬೇಕು. ವಾಪಸ್ ಬರುವುದು ಸಾಮಾನ್ಯವಾಗಿ ಗ್ರೂಪಿಗೆ ಆರೇ ಇಲಿ ಏಕೆ ಎಂಬುದಕ್ಕೆ ಲೆಕ್ಕ ಕೊಡದಿದ್ದಾಗ, ಅಥವಾ ಡೋಸಿನ ಗಾತ್ರ ತಪ್ಪಿದಾಗ. ಬಾಯಿಯ ಮೂಲಕ ಕೊಡುವ ನೀರಿನ ದ್ರಾವಣಕ್ಕೆ ಕೆ.ಜಿ.ಗೆ 10 ಎಂ.ಎಲ್. ಲೆಕ್ಕ ಹಿಡಿದರೆ 200 ಗ್ರಾಂ ಇಲಿಗೆ 2 ಎಂ.ಎಲ್. ಆಯಿತು. ಪ್ರೋಟೋಕಾಲ್ (ಪ್ರಯೋಗದ ಯೋಜನೆ) ಎರಡನೇ ಸೆಮಿಸ್ಟರ್‌ನಲ್ಲೇ ಕಮಿಟಿಗೆ ಹೋಗುವ ಕಾಲೇಜು ನಮ್ಮ ಮಟ್ಟಿಗೆ ಕಟ್ಟಡ ಎಷ್ಟೇ ಹಳತಾಗಿದ್ದರೂ ಮೇಲು.

ಫೀಸು ದೊಡ್ಡದು. ಎಂ.ಫಾರ್ಮ್ ಪ್ರವೇಶದ ರಾಷ್ಟ್ರೀಯ ಪರೀಕ್ಷೆ ಜಿಪ್ಯಾಟ್ ಪಾಸಾದವರಿಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಕೊಡುತ್ತದೆ, ಆದರೆ ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು. ಫಾರ್ಮಸಿ ಕೌನ್ಸಿಲ್ ಮಾನ್ಯತೆಯ ಪತ್ರ ತೋರಿಸಿ ಮಾತು ಮುಗಿಸುವವರಿದ್ದಾರೆ. ಇನ್ನೊಂದು ಪತ್ರವನ್ನೂ ಕೇಳಿ.

ಇಲಿ ಹಿಡಿಯಲು ಮನಸ್ಸಿಲ್ಲದವರು ಈ ಕೋರ್ಸಿಗೆ ಬಂದು ಒದ್ದಾಡುವುದು ಬೇಡ. ಬಿ.ಫಾರ್ಮ್ ಆದವರಿಗೆ ಮೂರು ವರ್ಷದ ಫಾರ್ಮ್.ಡಿ ಇದೆ. ಅಲ್ಲಿ ಕೆಲಸ ವಾರ್ಡಿನಲ್ಲಿ, ಕೇಸ್‌ಶೀಟ್ ಹಿಡಿದು. ಔಷಧದ ಅಡ್ಡಪರಿಣಾಮ ಗುರುತಿಸುವುದು, ಅದಕ್ಕೆ ಆ ಔಷಧವೇ ಕಾರಣವೇ ಎಂದು ಅಂಕ ಹಾಕಿ ಅಳೆಯುವ ನರಾಂಜೋ ಸ್ಕೇಲ್ ಹಾಕುವುದು ನಿತ್ಯದ ಅಭ್ಯಾಸ. ಅದಕ್ಕೆ ಮಾತ್ರ ರೋಗಿಗಳು ತುಂಬಿರುವ ಆಸ್ಪತ್ರೆ ಕಾಲೇಜಿನ ಜೊತೆಗೇ ಇರಬೇಕು, ಬಸ್ಸು ಹತ್ತಿ ಹೋಗುವಷ್ಟು ದೂರವಲ್ಲ.