ಶೆಲ್‌ಚೆಕ್: ಬ್ಯಾಶ್‌ಆರ್‌ಸಿ ಕೆಟ್ಟಾಗ ಮೊದಲು ಓಡಿಸಬೇಕಾದ ಟೂಲ್

ಶೆಲ್ ಸ್ಕ್ರಿಪ್ಟ್‌ಗಳನ್ನು ಓಡಿಸದೆಯೇ ಓದಿ ತಪ್ಪು ತೋರಿಸುವ ಟೂಲ್ ಶೆಲ್‌ಚೆಕ್. ಅದು ದೊಡ್ಡ ದೊಡ್ಡ ಸ್ಕ್ರಿಪ್ಟ್ ಬರೆಯುವವರ ಟೂಲ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಅದನ್ನು ಜಾಸ್ತಿ ಬಳಸುವುದು ಬ್ಯಾಶ್‌ಆರ್‌ಸಿ ಮತ್ತು ಪ್ರೊಫೈಲ್ ಫೈಲುಗಳಿಗೆ, ಅಂದರೆ ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್ ಅನ್ನುವ ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲುಗಳಿಗೆ. ಜಾವಾ ಹೋಮ್ (ಜಾವಾ ಯಾವ ಫೋಲ್ಡರಿನಲ್ಲಿದೆ ಅಂತ ಹೇಳುವ JAVA_HOME ವೇರಿಯಬಲ್) ಸೆಟ್ ಆಗಿಲ್ಲ, ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ, PATH) ಹಾಳಾಗಿದೆ, ಟರ್ಮಿನಲ್ ತೆರೆದ ಕೂಡಲೇ ಎರರ್ ಬರುತ್ತಿದೆ ಅಂತ ಯಾರಾದರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರೆ ನಾನು ಮೊದಲು ಮಾಡುವ ಕೆಲಸ ಇದನ್ನು ಓಡಿಸುವುದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದು ಯಾಕೆ ಕಟ್ ಅನ್ನೋದು ಕೆಳಗಿದೆ.

ಇದು ಪೂರ್ತಿ ಉಚಿತ, ಜಿಪಿಎಲ್ ಲೈಸೆನ್ಸ್‌ನ ಸಾಫ್ಟ್‌ವೇರ್. ವಿಡಾರ್ ಹೋಲೆನ್ ಅನ್ನುವವರು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದಿದ್ದು, 2012ರಿಂದ ಇದೆ. ಉಬುಂಟುವಿನಲ್ಲಿ ಎಪಿಟಿ, ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಒಂದೇ ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಅದರದ್ದೇ ವೆಬ್‌ಸೈಟಿನಲ್ಲಿ ಕೋಡ್ ಅಂಟಿಸಿಯೂ ನೋಡಬಹುದು. ಆದರೆ ಬ್ಯಾಶ್‌ಆರ್‌ಸಿ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಜನ ಎಪಿಐ ಕೀ, ಡೇಟಾಬೇಸ್ ಪಾಸ್‌ವರ್ಡ್ ಎಲ್ಲ ಆ ಫೈಲಿನಲ್ಲೇ ಎಕ್ಸ್‌ಪೋರ್ಟ್ ಮಾಡಿಟ್ಟಿರುತ್ತಾರೆ (ಬೇರೆ ಪ್ರೋಗ್ರಾಂಗಳಿಗೂ ಸಿಗುವಂತೆ ವೇರಿಯಬಲ್ ಆಗಿ ಬರೆದಿಟ್ಟಿರುತ್ತಾರೆ), ಅದನ್ನು ಯಾವ ವೆಬ್‌ಸೈಟಿಗೂ ಕೊಡಬಾರದು. ನಿಮ್ಮ ಮಷೀನಿನಲ್ಲೇ ಓಡಿಸಿ.

ಇದು ಎಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ ಅಂದರೆ, ಬ್ಯಾಶ್ ಕೊಡುವ ಎರರ್ ದಾರಿ ತಪ್ಪಿಸುವ ಕಡೆ. ಎಲ್ಲರಿಗೂ ಗೊತ್ತಿರುವ ಉದಾಹರಣೆ ತಗೊಳ್ಳಿ. ಜಾವಾ ಹೋಮ್ ಅಂತ ಬರೆದು, ಸ್ಪೇಸ್ ಬಿಟ್ಟು, = ಹಾಕಿ, ಮತ್ತೆ ಸ್ಪೇಸ್ ಬಿಟ್ಟು ಪಾತ್ ಬರೆದರೆ ಬ್ಯಾಶ್ ಅದನ್ನು ವೇರಿಯಬಲ್ ಅಂತ ನೋಡುವುದೇ ಇಲ್ಲ. ಜಾವಾ ಹೋಮ್ ಅನ್ನೋ ಹೆಸರಿನ ಪ್ರೋಗ್ರಾಂ ಹುಡುಕುತ್ತದೆ, ಸಿಗುವುದಿಲ್ಲ, 'ಕಮಾಂಡ್ ನಾಟ್ ಫೌಂಡ್' ಅನ್ನುತ್ತದೆ. ಇದನ್ನು ಓದಿದ ಹುಡುಗರು ಜಾವಾನೇ ಇನ್‌ಸ್ಟಾಲ್ ಆಗಿಲ್ಲ ಅಂದುಕೊಂಡು ಅದನ್ನು ತೆಗೆದು ಮತ್ತೆ ಹಾಕುತ್ತಾ ಕೂರುತ್ತಾರೆ. ಶೆಲ್‌ಚೆಕ್ ನೇರವಾಗಿ ಆ ಸಾಲನ್ನೇ ತೋರಿಸಿ, ಸಮ ಚಿಹ್ನೆಯ ಆಚೀಚೆ ಸ್ಪೇಸ್ ಬೇಡ ಅನ್ನುತ್ತದೆ. ಎಡಗಡೆ ವೇರಿಯಬಲ್ ಹೆಸರಿಗೆ ಡಾಲರ್ ಚಿಹ್ನೆ ಅಂಟಿಸಿದ್ದರೆ ಅದನ್ನೂ ಹಿಡಿಯುತ್ತದೆ.

ಕೋಟ್ ಮುಚ್ಚದೆ ಬಿಟ್ಟಾಗಂತೂ ಇದರ ಬೆಲೆ ಗೊತ್ತಾಗುತ್ತದೆ. ಮೇಲೆಲ್ಲೋ ಒಂದು ಡಬಲ್ ಕೋಟ್ ಮುಚ್ಚಿಲ್ಲ ಅಂದರೆ ಬ್ಯಾಶ್ ಫೈಲಿನ ತುದಿಯವರೆಗೂ ಹುಡುಕಿಕೊಂಡು ಹೋಗಿ, ಜೋಡಿ ಕೋಟ್ ಸಿಗುವ ಮುಂಚೆ ಫೈಲ್ ಮುಗಿದುಹೋಯಿತು ಅಂತ ದೂರುತ್ತದೆ. ಅದನ್ನು ನೋಡಿ ಕೊನೇ ಸಾಲನ್ನೇ ದಿಟ್ಟಿಸಿದರೆ ಏನು ಸಿಗುತ್ತೆ? ಶೆಲ್‌ಚೆಕ್ ಕೋಟ್ ಶುರುವಾದ ಸಾಲಿಗೇ ಬೆರಳಿಟ್ಟು, ಇದನ್ನು ಮುಚ್ಚಲು ಮರೆತಿರಾ ಅಂತ ಕೇಳುತ್ತದೆ.

ಇನ್ನು ಕಣ್ಣಿಗೆ ಕಾಣದ ತಪ್ಪುಗಳು. ನಮ್ಮ ಕಾಲೇಜುಗಳಲ್ಲಿ ಲ್ಯಾಬ್ ಮ್ಯಾನುಯಲ್ ಸಾಮಾನ್ಯವಾಗಿ ವರ್ಡ್ ಫೈಲ್ ಆಗಿ ಓಡಾಡುತ್ತಿರುತ್ತದೆ ಅಲ್ವಾ? ವರ್ಡ್ ತಾನಾಗಿ ನೇರ ಕೋಟ್‌ಗಳನ್ನು ಬಾಗಿದ ಕೋಟ್ ಮಾಡಿಬಿಡುತ್ತದೆ. ಅದನ್ನು ಕಾಪಿ ಮಾಡಿ ಬ್ಯಾಶ್‌ಆರ್‌ಸಿಗೆ ಹಾಕಿದರೆ ಆ ಬಾಗಿದ ಕೋಟ್ ಪಾತ್‌ನ ಭಾಗವೇ ಆಗಿಹೋಗುತ್ತದೆ. ಬ್ಯಾಶ್ ಒಂದು ಮಾತೂ ಆಡುವುದಿಲ್ಲ. ಶೆಲ್‌ಚೆಕ್ ಮಾತ್ರ ಇದು ಯೂನಿಕೋಡ್ ಕೋಟ್, ಅಳಿಸಿ ಮತ್ತೆ ಟೈಪ್ ಮಾಡಿ ಅನ್ನುತ್ತದೆ. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಫೈಲ್ ಬರೆದು ಡಬ್ಲ್ಯುಎಸ್ಎಲ್‌ಗೆ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ತಂದವರದ್ದು ಇನ್ನೊಂದು ಕಥೆ. ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಅನ್ನುವ ಕಾಣದ ಅಕ್ಷರ ಅಂಟಿಕೊಂಡಿರುತ್ತದೆ. ಎಕೋ ಮಾಡಿ ನೋಡಿದರೆ ಜಾವಾ ಹೋಮ್ ಸರಿಯಾಗಿಯೇ ಕಾಣುತ್ತದೆ, ಆದರೆ ಜಾವಾ ಪ್ರಾಜೆಕ್ಟ್ ಬಿಲ್ಡ್ ಮಾಡುವ ಮೇವನ್ ಟೂಲ್ ಓಡಿಸಿದರೆ ಅಂಥ ಫೋಲ್ಡರೇ ಇಲ್ಲ ಅನ್ನುತ್ತದೆ. ಇಂಥ ಕಡೆ ಶೆಲ್‌ಚೆಕ್ ಸಾಲು ಸಾಲಿಗೂ ಎರರ್ ಕೊಟ್ಟು ಸ್ಕ್ರೀನ್ ತುಂಬಿಸುತ್ತದೆ. ಗಾಬರಿ ಬೇಡ, ಕಾರಣ ಒಂದೇ. ಆ ಕಾಣದ ಅಕ್ಷರಗಳನ್ನು ತೆಗೆಯುವ ಡಾಸ್‌ಟುಯುನಿಕ್ಸ್ (dos2unix) ಟೂಲನ್ನು ಒಮ್ಮೆ ಓಡಿಸಿದರೆ ಎಲ್ಲ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದ ಎಚ್ಚರಿಕೆ ಅಂದರೆ ~ ಚಿಹ್ನೆಯದ್ದು. ಪಾತ್‌ಗೆ ಹೊಸ ಫೋಲ್ಡರ್ ಸೇರಿಸುವಾಗ ಡಬಲ್ ಕೋಟ್ ಒಳಗೆ ~ ಬರೆದರೆ ಅದು ಹೋಮ್ ಫೋಲ್ಡರ್ ಆಗಿ ಬದಲಾಗುವುದಿಲ್ಲ, ಹಾಗೇ ಉಳಿಯುತ್ತದೆ. ತಮಾಷೆ ಏನಂದರೆ ಬ್ಯಾಶ್ ಕಮಾಂಡ್ ಹುಡುಕುವಾಗ ಅದನ್ನು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಹಾಗಾಗಿ ಟರ್ಮಿನಲ್‌ನಲ್ಲಿ ಎಲ್ಲ ಸರಿಯಿರುತ್ತದೆ, ಪೈಥಾನ್‌ನಿಂದ ಅದೇ ಪ್ರೋಗ್ರಾಂ ಕರೆದರೆ ಸಿಗುವುದಿಲ್ಲ. ಇದನ್ನು ಕೈಯಲ್ಲಿ ಹುಡುಕಲು ಹೋದರೆ ದಿನವೇ ಹೋದೀತು. ~ ಬದಲು ಡಾಲರ್ ಹೋಮ್ ($HOME) ಹಾಕಿ, ಮುಗಿಯಿತು.

ಪ್ರತಿ ಎಚ್ಚರಿಕೆಗೂ ಎಸ್‌ಸಿ ಅಂತ ಶುರುವಾಗುವ ಒಂದು ನಂಬರ್ ಇದೆ, ಪ್ರತಿ ನಂಬರಿಗೂ ವಿಕಿಯಲ್ಲಿ ಒಂದು ಪುಟ. ತಪ್ಪು ಕೋಡ್, ಸರಿ ಕೋಡ್, ಕಾರಣ ಮೂರೂ ಅಲ್ಲಿರುತ್ತವೆ. ಎಲ್ಲ ಇಂಗ್ಲಿಷ್‌ನಲ್ಲೇ ಇದೆ, ಆದರೆ ಸರಳವಾಗಿದೆ, ಕನ್ನಡ ಮೀಡಿಯಂನಿಂದ ಬಂದವರಿಗೂ ಕಷ್ಟವಾಗುವುದಿಲ್ಲ.

ಈಗ ಆ ಒಂದು ಸ್ಟಾರ್. ಶೆಲ್‌ಚೆಕ್ ನೋಡುವುದು ಬರವಣಿಗೆಯನ್ನು ಮಾತ್ರ. ನೀವು ಬರೆದ ಫೋಲ್ಡರ್ ನಿಜಕ್ಕೂ ಇದೆಯಾ ಅಂತ ನೋಡುವುದಿಲ್ಲ. ಹಳೇ ಜಾವಾ ತೆಗೆದು ಹೊಸದು ಹಾಕಿದ ಮೇಲೂ ಜಾವಾ ಹೋಮ್ ಹಳೇ ಫೋಲ್ಡರನ್ನೇ ತೋರಿಸುತ್ತಿದ್ದರೆ ಅದಕ್ಕೆ ಗೊತ್ತಾಗಲ್ಲ. ಹಳೇ ಪಾತ್ ಸೇರಿಸುವುದನ್ನು ಮರೆತು ಬರೀ ಹೊಸ ಬಿನ್ ಫೋಲ್ಡರ್ ಒಂದನ್ನೇ ಎಕ್ಸ್‌ಪೋರ್ಟ್ ಮಾಡಿದರೂ ಹಾಗೇ, ಬರವಣಿಗೆ ಸರಿ ಇರುವುದರಿಂದ ಇದು ಸುಮ್ಮನಿರುತ್ತದೆ, ಆದರೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೂಡ ಓಡುವುದಿಲ್ಲ. ಹಾಗಾದಾಗ ಆ ಟರ್ಮಿನಲ್‌ನಲ್ಲೇ ಪಾತ್‌ಗೆ /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡನ್ನೂ ನಡುವೆ ಕೋಲನ್ ಹಾಕಿ ಕೊಡಿ, ಕಮಾಂಡ್‌ಗಳು ವಾಪಸ್ ಬರುತ್ತವೆ, ಆಮೇಲೆ ಫೈಲ್ ತೆರೆದು ಸರಿಪಡಿಸಿ.

ಯಾವ ಫೈಲನ್ನು ಬ್ಯಾಶ್ ಓದುತ್ತದೆ ಅನ್ನುವುದನ್ನೂ ಇದು ಹೇಳುವುದಿಲ್ಲ, ನಿಜವಾದ ತಲೆನೋವು ಎಷ್ಟೋ ಸಲ ಇರುವುದೇ ಅಲ್ಲಿ. ಲಾಗಿನ್ ಶೆಲ್ (ಲಾಗಿನ್ ಆಗುವಾಗ ಶುರುವಾಗುವ ಶೆಲ್) ಆದರೆ ಹೋಮ್ ಫೋಲ್ಡರಿನ ಬ್ಯಾಶ್ ಪ್ರೊಫೈಲ್, ಬ್ಯಾಶ್ ಲಾಗಿನ್, ಪ್ರೊಫೈಲ್ ಈ ಮೂರು ಫೈಲುಗಳಲ್ಲಿ ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತದೆ. ಯಾವುದೋ ಇನ್‌ಸ್ಟಾಲರ್ ಹೊಸದಾಗಿ ಬ್ಯಾಶ್ ಪ್ರೊಫೈಲ್ ಒಂದನ್ನು ಮಾಡಿಟ್ಟು ಹೋದರೆ, ಪ್ರೊಫೈಲ್‌ನಲ್ಲಿ ನೀವು ಬರೆದಿದ್ದೆಲ್ಲ ಅಲ್ಲಿಗೆ ನಿಂತುಹೋಗುತ್ತದೆ. ಉಬುಂಟುವಿನ ಬ್ಯಾಶ್‌ಆರ್‌ಸಿಯ ಮೇಲ್ಭಾಗದಲ್ಲಿ, ಶೆಲ್ ಇಂಟರಾಕ್ಟಿವ್ (ನಾವೇ ಕೂತು ಟೈಪ್ ಮಾಡುವಂಥದ್ದು) ಅಲ್ಲದಿದ್ದರೆ ಇಲ್ಲಿಂದಲೇ ವಾಪಸ್ ಹೋಗು ಅನ್ನುವ ನಾಲ್ಕು ಸಾಲು ಇವೆ. ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಕ್ರಾನ್ ಅಂತೂ ಈ ಫೈಲನ್ನು ಓದುವುದೇ ಇಲ್ಲ. ಇದೆಲ್ಲ ನೀವೇ ತಿಳಿದಿರಬೇಕು.

ಸ್ವಲ್ಪ ಗದ್ದಲವೂ ಇದೆ. ಬೇರೆ ಫೈಲನ್ನು ಸೋರ್ಸ್ ಮಾಡುವ, ಅಂದರೆ ಅದನ್ನೂ ಇಲ್ಲೇ ಓದಿ ಓಡಿಸುವ ಸಾಲು ಕಂಡರೆ ಅದನ್ನು ಹಿಂಬಾಲಿಸಲು ಆಗುತ್ತಿಲ್ಲ ಅಂತ ಹೇಳುತ್ತಲೇ ಇರುತ್ತದೆ. ಸ್ಟಾರ್ಟಪ್ ಫೈಲಿನಲ್ಲಿ ಅದು ಸಹಜ, ಒಂದು ಕಾಮೆಂಟ್ ಹಾಕಿ ಆ ನಂಬರನ್ನು ಆಫ್ ಮಾಡಬಹುದು. ಎರರ್‌ಗಳನ್ನು ಮೊದಲು ಸರಿಮಾಡಿ, ಸ್ಟೈಲ್ ಸಲಹೆಗಳು ಆಮೇಲೆ. ತಿದ್ದಿದ ಮೇಲೆ ಹಳೇ ಟರ್ಮಿನಲ್ ಮುಚ್ಚದೆ ಹೊಸದೊಂದು ತೆರೆದು ಪರೀಕ್ಷೆ ಮಾಡಿ, ಏನಾದರೂ ಎಡವಟ್ಟಾದರೆ ಹಳೆಯದರಿಂದ ಸರಿಪಡಿಸಬಹುದು.

ಮ್ಯಾಕ್ ಇರುವವರಿಗೆ ಒಂದು ಮಾತು. 2019ರ ಕ್ಯಾಟಲೀನಾ ಆವೃತ್ತಿಯಿಂದ ಅಲ್ಲಿ ಡೀಫಾಲ್ಟ್ ಶೆಲ್ ಬ್ಯಾಶ್ ಅಲ್ಲ, ಝಡ್‌ಶೆಲ್ (zsh). ಶೆಲ್‌ಚೆಕ್ ಅದನ್ನು ಬೆಂಬಲಿಸುವುದಿಲ್ಲ. ಝಡ್‌ಶೆಲ್‌ಗೆ ಮೈನಸ್ ಎನ್ (-n) ಕೊಟ್ಟು ಝಡ್‌ಶೆಲ್‌ಆರ್‌ಸಿ ಫೈಲನ್ನು ಓದಿಸಿದರೆ ವ್ಯಾಕರಣದ ತಪ್ಪುಗಳು ಮಾತ್ರ ಸಿಗುತ್ತವೆ. ಸಮ ಚಿಹ್ನೆಯ ಪಕ್ಕದ ಸ್ಪೇಸ್, ಬಾಗಿದ ಕೋಟ್ ಇಂಥವನ್ನು ಅದು ಹಿಡಿಯುವುದಿಲ್ಲ, ಅವನ್ನು ನೀವೇ ಕಣ್ಣಿಟ್ಟು ನೋಡಬೇಕು.