ಆಕ್ಯುಪಂಕ್ಚರ್ ಸೂಜಿ ಬೇಕಾದರೆ ಚುಚ್ಚಿಸಿಕೊಳ್ಳಿ, ಚುಚ್ಚುವವರ ಮಾತು ಕೇಳಿ ನಿದ್ದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ

ಐವತ್ತು ದಾಟಿದ ಹೆಣ್ಣುಮಗಳು. ಆರು ವರ್ಷದಿಂದ ದಿನಾ ರಾತ್ರಿ ಆಲ್ಪ್ರಜೋಲಾಮ್ ಎಂಬ ನಿದ್ದೆ ಮಾತ್ರೆ, 0.5 ಮಿಲಿಗ್ರಾಂ. ಅದನ್ನು ಬಿಡಬೇಕೆಂಬ ಆಸೆಯಿಂದಲೇ ಬೆಂಗಳೂರಿನ ಒಂದು ಆಕ್ಯುಪಂಕ್ಚರ್ ಕೇಂದ್ರಕ್ಕೆ ಹೋದರು. ಅಲ್ಲಿ ನಾಡಿ ನೋಡಿದರು, ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ದುಡ್ಡು ಕಟ್ಟಿಸಿಕೊಂಡರು, ಮೊದಲ ದಿನವೇ ಹೇಳಿದರು: "ಮಾತ್ರೆ ವಿಷ ಅಮ್ಮ, ಇವತ್ತಿಂದಲೇ ಬಿಟ್ಬಿಡಿ. ಅದು ಒಳಗಿದ್ರೆ ಸೂಜಿ ಕೆಲಸ ಮಾಡಲ್ಲ." ಆ ರಾತ್ರಿ ರೆಪ್ಪೆ ಅಂಟಲಿಲ್ಲ. ಮಾರನೇ ದಿನ ಕೈ ನಡುಕ, ಮೈತುಂಬ ಬೆವರು, ಎದೆ ಡವಡವ. ಫೋನ್ ಮಾಡಿದರೆ "ಒಳಗಿನ ನಂಜು ಹೊರಗೆ ಬರ್ತಿದೆ, ಒಳ್ಳೇದೇ" ಎಂಬ ಉತ್ತರ. ನಾಲ್ಕನೇ ದಿನ ಬೆಳಗ್ಗೆ ಬಚ್ಚಲುಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಅದಕ್ಕೆ ಮುಂಚೆ ಅವರಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ.

ಅದು ನಂಜು ಇಳಿಯುವ ಲಕ್ಷಣ ಅಲ್ಲವೇ ಅಲ್ಲ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್ ಇವೆಲ್ಲ ಒಂದೇ ಜಾತಿಯ ಮಾತ್ರೆಗಳು. ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಇವು ಹೆಚ್ಚಿಸುತ್ತವೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮೆದುಳು ತನ್ನ ಕಡೆಯ ಹಿಡಿತವನ್ನು ಅಷ್ಟಕ್ಕಷ್ಟೇ ಸಡಿಲಿಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಏಕಾಏಕಿ ಕೈಬಿಟ್ಟ ಹಾಗೆ, ಮಾತ್ರೆ ದಿಢೀರನೆ ನಿಂತರೆ ಉದ್ರೇಕದ ಕಡೆಯೇ ಗೆಲ್ಲುತ್ತದೆ. ಆಲ್ಪ್ರಜೋಲಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಸಾಕು. ಅದಕ್ಕೇ ಒಂದೆರಡು ದಿನದಲ್ಲೇ ನಡುಕ ಶುರುವಾಗುತ್ತದೆ. ಕ್ಲೋನಜೆಪಾಮ್ ನಿಧಾನ, 30–40 ಗಂಟೆ. ಅದನ್ನು ಬಿಟ್ಟವರಿಗೆ ತೊಂದರೆ ತಡವಾಗಿ ಬರುವುದರಿಂದ ಕಾರಣವೇ ಹೊಳೆಯುವುದಿಲ್ಲ. ಜೋಲ್ಪಿಡೆಮ್ ಎಂಬ ಇನ್ನೊಂದು ನಿದ್ದೆ ಮಾತ್ರೆಯ ಜಾತಿ ಬೇರೆಯಾದರೂ ಕೆಲಸ ಮಾಡುವ ಜಾಗ ಅದೇ, ಹಾಗಾಗಿ ಅದಕ್ಕೂ ಈ ಮಾತು ಅನ್ವಯಿಸುತ್ತದೆ.

ಮಾತ್ರೆ ಬಿಡಬೇಕೆಂಬ ಆಸೆ ತಪ್ಪಲ್ಲ, ಬಹಳ ಜನ ಬಿಡಲೇಬೇಕು ಕೂಡ. ಬಿಡುವ ರೀತಿ ಬೇರೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಡೋಸಿನ ಶೇ 5–10ರಷ್ಟು ಇಳಿಸುವುದು ಸುರಕ್ಷಿತ. ಎರಡು ವಾರದಲ್ಲಿ ಶೇ 25ಕ್ಕಿಂತ ಹೆಚ್ಚು ಇಳಿಸಬಾರದು. 0.5 ತೆಗೆದುಕೊಳ್ಳುವವರು 0.25ರ ಮಾತ್ರೆ ಬರೆಸಿಕೊಂಡು ಎರಡರ ಬದಲು ಒಂದೂವರೆ ನುಂಗಿದರೆ ಅದೇ ಶೇ 25 ಆಯಿತು, ಅಂದರೆ ಗರಿಷ್ಠ ಮಿತಿ. ಅದಕ್ಕಿಂತ ಸಣ್ಣ ಹೆಜ್ಜೆ ಬೇಕಾದಾಗ ವೈದ್ಯರು ಹೆಚ್ಚು ಹೊತ್ತು ಉಳಿಯುವ ಬೇರೆ ಮಾತ್ರೆಗೆ ಬದಲಿಸಿ ಇಳಿಸುತ್ತಾರೆ. ಹೆಸರಿನ ಮುಂದೆ ಎಸ್‌ಆರ್ ಎಂದಿರುವ, ಅಂದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿಯಲೇಬಾರದು, ಮುರಿದರೆ ಇಡೀ ಡೋಸ್ ಒಟ್ಟಿಗೇ ಬಿಡುಗಡೆಯಾಗುತ್ತದೆ. ಇಷ್ಟನ್ನು ಮಾತ್ರೆ ಬರೆದುಕೊಟ್ಟ ವೈದ್ಯರೇ ನೋಡಿಕೊಳ್ಳಬೇಕು. ಸೂಜಿ ಚುಚ್ಚುವವರ ಕೆಲಸ ಇದಲ್ಲ.

ಇನ್ನು ಸೂಜಿಯ ವಿಷಯ. ನಿದ್ದೆಗೆಂದು ಸಾಮಾನ್ಯವಾಗಿ ಚುಚ್ಚುವುದು ಮಣಿಕಟ್ಟಿನ ಗೆರೆಯಲ್ಲಿ ಕಿರುಬೆರಳಿನ ಕಡೆಗೆ, ಹುಬ್ಬುಗಳ ನಡುವೆ, ಕಿವಿಯ ಹಿಂದೆ, ಪಾದದ ಕೀಲಿನ ಒಳಬದಿಯ ಮೂಳೆಯುಬ್ಬಿನಿಂದ ನಾಲ್ಕು ಬೆರಳು ಮೇಲೆ. 0.25 ಮಿಲಿಮೀಟರ್ ದಪ್ಪದ ಸೂಜಿ, 20–30 ನಿಮಿಷ. ಇಲ್ಲಿ ಸಾಮಾನ್ಯವಾಗಿ ಆಗುವುದು ಹೆಚ್ಚೆಂದರೆ ಸಣ್ಣ ರಕ್ತಗಂಟು. ಕಾಲಿನ ಆ ಜಾಗವನ್ನು ಗರ್ಭಿಣಿಯರಿಗೆ ಬಿಡುವುದು ರೂಢಿ. ಅಪಾಯ ಇರುವುದು "ಟೆನ್ಶನ್ ಜಾಸ್ತಿ ಇದೆ" ಎಂದು ಕುತ್ತಿಗೆ ಮತ್ತು ತೋಳಿನ ನಡುವಿನ ಭುಜದ ದಿಣ್ಣೆಗೆ ನೇರವಾಗಿ ಇಳಿಸಿದಾಗ. ತೆಳ್ಳಗಿನವರಲ್ಲಿ ಅಲ್ಲಿಂದ ಶ್ವಾಸಕೋಶದ ತುದಿ ಒಂದೆರಡು ಸೆಂಟಿಮೀಟರ್ ಕೆಳಗೆ ಮಾತ್ರ. ತಿಳಿದವರು ಸ್ನಾಯುವನ್ನು ಎತ್ತಿ ಹಿಡಿದು ಓರೆಯಾಗಿ ಚುಚ್ಚುತ್ತಾರೆ. ಶ್ವಾಸಕೋಶ ತೂತಾದರೆ ಉಸಿರೆಳೆದಾಗ ಒಂದು ಪಕ್ಕ ಚುಚ್ಚುನೋವು, ಒಣಕೆಮ್ಮು, ಏದುಸಿರು. ಕೆಲವು ಸಲ ಮನೆಗೆ ಬಂದು ಹಲವು ಗಂಟೆಯಾದ ಮೇಲೆ ಕಾಣಿಸುತ್ತದೆ. ತಕ್ಷಣ ಎದೆಯ ಎಕ್ಸ್‌ರೇ ಮಾಡಿಸಬೇಕು.

ಕೆಲವು ಕಡೆ "ನಿಮ್ಮ ಸೂಜಿ ನಿಮಗೇ" ಎಂದು ಹೆಸರು ಬರೆದ ಡಬ್ಬಿಯಲ್ಲಿ ಇಟ್ಟು ಮತ್ತೆ ಮತ್ತೆ ಬಳಸುತ್ತಾರೆ. ಒಪ್ಪಬೇಡಿ. ಡಬ್ಬಿ ಅದಲುಬದಲಾದರೆ ಹೆಪಟೈಟಿಸ್ ಬಿ, ಸಿ ಬರಬಹುದು. ಅವಧಿ ಮುಗಿಯದ ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ರಾಜ್ಯದ ಖಾಸಗಿ ಚಿಕಿತ್ಸಾ ಕೇಂದ್ರಗಳಿಗೆ ಬೇಕಾದ ಕೆಪಿಎಂಇ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಸೂಜಿಯಿಂದ ನಿದ್ದೆ ಬರುತ್ತದೆಯೇ? 2012ರ ಕಾಕ್ರೇನ್ ವಿಮರ್ಶೆ 33 ಪ್ರಯೋಗಗಳನ್ನು, 2,293 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು; ಹೌದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಗಟ್ಟಿ ಪುರಾವೆ ಸಿಗಲಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಎಂದು ಒಪ್ಪಿತವಾಗಿರುವುದು ಮಲಗುವ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ಸಿಬಿಟಿ-ಐ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದಾಗ ಕಾಲು ಆಡಿಸದೆ ಇರಲಾಗದಿದ್ದರೆ ಮೈಯಲ್ಲಿ ಕಬ್ಬಿಣಾಂಶದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತದ ಫೆರಿಟಿನ್ ನೋಡಿಸಿ. ಆ ಕೇಂದ್ರದಲ್ಲಿ ಇದ್ಯಾವುದನ್ನೂ ಯಾರೂ ಕೇಳಿರಲಿಲ್ಲ, ಕೋಪ ಬರುವುದು ಅದಕ್ಕೇ.

ಇಂಥ ಮಾತು ನಂಬಿ ನೀವಾಗಲೇ ಮಾತ್ರೆ ನಿಲ್ಲಿಸಿದ್ದು ಈಗ ನಡುಕ, ಬೆವರು, ಗಾಬರಿ, ಸದ್ದು ಬೆಳಕು ಸಹಿಸಲಾಗದ ಸ್ಥಿತಿ ಇದ್ದರೆ ಮುಂದಿನ ಸಿಟ್ಟಿಂಗಿಗೆ ಕಾಯಬೇಡಿ, ಇವತ್ತೇ ಮಾತ್ರೆ ಬರೆದ ವೈದ್ಯರನ್ನು ಕಾಣಿ. ಮಾತನಾಡಲು ಯಾರಾದರೂ ಬೇಕಿದ್ದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸತೊಡಗಿದರೆ 108ಕ್ಕೆ ಕರೆ ಮಾಡಿ ತುರ್ತು ವಿಭಾಗಕ್ಕೆ ಹೋಗಿ. ಖಾಲಿಯಾದ ಮಾತ್ರೆ ಸ್ಟ್ರಿಪ್ ಜೊತೆಗಿರಲಿ. ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ, ಕೊನೆಯದು ಯಾವತ್ತು ನುಂಗಿದ್ದು ಎಂದು ಹೋದ ಕೂಡಲೇ ಹೇಳಿ. ಹೇಳದಿದ್ದರೆ ಅವರು ಬೇರೆ ಕಾರಣ ಹುಡುಕುತ್ತ ಹೊತ್ತು ಕಳೆಯಬೇಕಾಗುತ್ತದೆ.