ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ವಾರ್ನಿಂಗ್ ಲೈಟ್ ಬಂತಾ? ಸಾಫ್ಟ್‌ವೇರ್ ಅನ್ನೋ ಮೊದಲು ಕಾರ್ಪೆಟ್ ಕೆಳಗೆ ಕೈ ಹಾಕಿ

ನೇರವಾಗಿ ಹೇಳಿಬಿಡ್ತೀನಿ. ನನ್ನದು ಎರಡು ಬಾಗಿಲಿನ, ಹೊಚ್ಚ ಹೊಸ ಸ್ಪೋರ್ಟ್ಸ್ ಕಾರು. ಮೂರು ಸಲ ಸರ್ವಿಸ್ ಸೆಂಟರ್‌ಗೆ ಹೋಯ್ತು, ಮೂರು ಸಲವೂ "ಸರಿ ಹೋಗಿದೆ ಸಾರ್" ಅಂತ ವಾಪಸ್ ಬಂತು. ಅಷ್ಟೂ ದಿನ ಡ್ರೈವರ್ ಪಕ್ಕದ ಸೀಟಿನ ಕಾರ್ಪೆಟ್ ಕೆಳಗೆ ನೀರು ನಿಂತಿತ್ತು. ಬ್ಯಾಟರಿ ನೋಡಿದ್ರು, ಸಾಫ್ಟ್‌ವೇರ್ ಹಾಕಿದ್ರು, ಎಸಿ ನೋಡಿದ್ರು. ಕಾರ್ಪೆಟ್ ಎತ್ತಲಿಲ್ಲ. ಎತ್ತಲಿಲ್ಲ ಅಂದ್ರೆ ಎತ್ತಲೇ ಇಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಶುರುವಾಗಿದ್ದು ಹೀಗೆ. ಜೋರು ಮಳೆ, ನಾಲ್ಕು ದಿನ ಕಾರು ನಿಂತಲ್ಲೇ ಇತ್ತು, ಐದನೇ ದಿನ ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಟ್ಟ ಮೇಲೆ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಎಲ್ಲ ದೀಪ ಸಾಲಾಗಿ ಹತ್ತಿಕೊಂಡವು. ಸ್ವಲ್ಪ ದೂರ ಓಡಿದ ಮೇಲೆ ಅರ್ಧ ತಾವಾಗೇ ಆರಿದವು. ಇಲ್ಲೇ ಯಾರಿಗಾದ್ರೂ ಅನುಮಾನ ಬರಬೇಕಿತ್ತು. ಎಬಿಎಸ್‌ಗೂ ಏರ್‌ಬ್ಯಾಗ್‌ಗೂ ಸ್ಟೀರಿಂಗ್‌ಗೂ ಏನು ನೆಂಟಸ್ತಿಕೆ? ಕರೆಂಟ್, ಅರ್ಥ್, ಮತ್ತೆ ಮಾಡ್ಯೂಲ್‌ಗಳು, ಅಂದ್ರೆ ಕಾರಿನೊಳಗಿನ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳು, ಮಾತಾಡಿಕೊಳ್ಳೋ ಕ್ಯಾನ್ ಬಸ್ ವೈರು. ಅಷ್ಟೇ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಮೂರೂ ತಾವಾಗೇ ಒಟ್ಟಿಗೆ ಕೆಡಲ್ಲ. ಕೆಟ್ಟ ಪಾರ್ಟು ಬಿಸಿಲಿಗೆ ವಾಸಿಯಾಗಲ್ಲ, ಒದ್ದೆಯಾದ ಕಪ್ಲರ್ (ವೈರು ಜೋಡಿಸೋ ಕನೆಕ್ಟರ್) ವಾಸಿಯಾಗುತ್ತೆ, ಮುಂದಿನ ಮಳೆವರೆಗೆ.

ಮೊದಲ ಸಲದ ಉತ್ತರ: "ಇಂಥ ಗಾಡಿ ಓಡಿಸ್ತಾನೇ ಇರಬೇಕು ಸಾರ್, ನಿಲ್ಲಿಸಿದ್ರೆ ಬ್ಯಾಟರಿ ಇಳಿಯುತ್ತೆ." ನಾಲ್ಕು ದಿನಕ್ಕಾ? ಕಾರು ಲಾಕ್ ಮಾಡಿ ಮಾಡ್ಯೂಲ್‌ಗಳೆಲ್ಲ ನಿದ್ದೆಗೆ ಹೋದ ಮೇಲೆ ಎಳೆಯಬೇಕಾದ ಕರೆಂಟು ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗೆ. ಅಷ್ಟೇ ಎಳೆದ್ರೆ ಒಳ್ಳೆ ಬ್ಯಾಟರಿ ವಾರಗಟ್ಟಲೆ ನಿಲ್ಲುತ್ತೆ. ಇಲ್ಲಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋದು) ಹಾಕಿ ನೋಡಿದ್ರೆ 400. ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 10 ಆಂಪಿಯರ್ ಅವರ್. 60ರ ಬ್ಯಾಟರಿ ನಾಲ್ಕು ದಿನದಲ್ಲಿ ಅರ್ಧಕ್ಕಿಂತ ಕೆಳಗೆ. ಯಾವುದೋ ಒಂದು ಮಾಡ್ಯೂಲ್ ರಾತ್ರಿಯಿಡೀ ಎದ್ದು ಕೂತಿತ್ತು, ಪಿನ್ನಿಂದ ಪಿನ್ನಿಗೆ ನೀರು ಕರೆಂಟ್ ದಾಟಿಸ್ತಾ ಇತ್ತು. ನೀವೂ ಅಳೆಯೋದಾದ್ರೆ ಡಿಸಿ ಅಳೆಯೋ ಕ್ಲ್ಯಾಂಪ್ ಮೀಟರೇ ಬೇಕು. ಬಾನೆಟ್ ತೆರೆದಿದ್ರೂ ಅದರ ಲಾಕ್ ಅನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿ, ಕಾರಿಗೆ ಬಾನೆಟ್ ಮುಚ್ಚಿದೆ ಅನ್ನಿಸಬೇಕು. ಕೀಲಿ ದೂರ ಇಟ್ಟು ಮುಕ್ಕಾಲು ಗಂಟೆ ಕಾಯಿರಿ. ಆಮೇಲೆ ಬಾನೆಟ್ ಮುಚ್ಚೋ ಮೊದಲು ಆ ಲಾಕ್ ಬಿಡಿಸೋದು ಮರೀಬೇಡಿ.

ಅವರು ಇದ್ಯಾವುದೂ ಮಾಡಲಿಲ್ಲ. ಬ್ಯಾಟರಿ ಬಿಚ್ಚಿದ್ರು, ಚಾರ್ಜ್ ಹಾಕಿದ್ರು, ಜೋಡಿಸಿದ್ರು. ಜೋಡಿಸಿದ ಮೇಲೆ ಮಾಡಲೇಬೇಕಾದ ಕೆಲಸ ಒಂದಿತ್ತು, ಅದನ್ನೂ ಬಿಟ್ರು. ಇದರ ಹಾಗೆ ಗಾಜಿನ ಸುತ್ತ ಫ್ರೇಮ್ ಇಲ್ಲದ ಬಾಗಿಲಿನ ಕಾರುಗಳಲ್ಲಿ ಹಿಡಿ ಎಳೆದ ತಕ್ಷಣ ಗಾಜು ಒಂದಿಷ್ಟು ಕೆಳಗಿಳಿಯುತ್ತೆ, ಬಾಗಿಲು ಹಾಕಿದ ಮೇಲೆ ಮತ್ತೆ ಏರಿ ಮೇಲಿನ ರಬ್ಬರ್ ಬೀಡಿಂಗ್ ಒಳಗೆ ಕೂರುತ್ತೆ. ಬ್ಯಾಟರಿ ಬಿಚ್ಚಿದ್ರೆ ಎಷ್ಟು ಏರಬೇಕು ಅನ್ನೋದನ್ನ ಹಲವು ಕಾರುಗಳು ಮರೆತುಬಿಡ್ತವೆ. ಗಾಜನ್ನ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ಚನ್ನ ಕೆಲವು ಸೆಕೆಂಡ್ ಮೇಲೆತ್ತಿ ಹಿಡಿದು ಮತ್ತೆ ಕಲಿಸಬೇಕು. ಕ್ರಮ ಒಂದೊಂದು ಕಾರಿಗೆ ಒಂದೊಂದು, ಮ್ಯಾನ್ಯುಯಲ್‌ನಲ್ಲಿರುತ್ತೆ. ಕಲಿಸದೆ ಬಿಟ್ಟ ಗಾಜು ಬೀಡಿಂಗ್‌ಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತೆ. ಒಂದು ನೋಟಿನಷ್ಟು ತೆಳು ಕಾಗದ ಸಿಕ್ಕಿಸಿ ಎಳೀರಿ, ಸಲೀಸಾಗಿ ಬಂದ್ರೆ ನೀರೂ ಸಲೀಸಾಗಿ ಬರುತ್ತೆ. ಅಂದ್ರೆ ಸೋರೋ ಕಾರಿಗೆ ಇನ್ನೊಂದು ತೂತು ಮಾಡಿ ಕಳಿಸಿದ್ರು!

ಎರಡನೇ ಸಲ: "ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆ ಸಾರ್, ಹಾಕಿದ್ದೀವಿ, ಇನ್ನು ಬರಲ್ಲ." ಬಂತು. ಈ ಸಲ ಮುಗ್ಗಲು ವಾಸನೆಯೂ ಬಂತು, ಬೆಳಿಗ್ಗೆ ಗಾಜಿನ ಒಳಗಡೆ ಮಂಜೂ ಕಟ್ಟಿತು.

ಮೂರನೇ ಸಲ: "ಎಸಿ ನೀರು ಸಾರ್, ನಾರ್ಮಲ್. ಈ ಸೆಗ್‌ಮೆಂಟ್ ಗಾಡಿಗಳಲ್ಲಿ ಸ್ವಲ್ಪ ಇದ್ದೇ ಇರುತ್ತೆ." ಕಾರು ವಾಪಸ್ ಬಂದಾಗ ಕನ್ನಡಿಗೆ ಒಂದು ಪರ್ಫ್ಯೂಮ್ ಡಬ್ಬಿ ನೇತು ಹಾಕಿದ್ರು. ವಾಸನೆ ಗೊತ್ತಾಗಿದೆ ಅಂತಾಯ್ತಲ್ಲ! ಮೂಗಿಗೆ ಗೊತ್ತಾಗಿದ್ದು ಕೈಗೆ ಯಾಕೆ ಗೊತ್ತಾಗಲಿಲ್ಲ?

ಎಸಿ ನೀರೋ ಮಳೆ ನೀರೋ ಕಂಡುಹಿಡಿಯೋಕೆ ದೊಡ್ಡ ವಿದ್ಯೆ ಬೇಡ. ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿದ್ರೆ ಎಸಿ ಹಾಕಿದ ದಿನ, ಮಳೆ ಇಲ್ಲದಿದ್ರೂ, ಡ್ಯಾಶ್‌ಬೋರ್ಡ್ ಕೆಳಗೆ ಕಾಲಿಡೋ ಜಾಗದ ಮುಂಭಾಗ ಒದ್ದೆಯಾಗುತ್ತೆ, ಕಾರಿನ ಅಡಿಯಲ್ಲಿ ಮಾಮೂಲಿಯಾಗಿ ನೀರು ತೊಟ್ಟಿಕ್ಕೋದು ನಿಂತುಹೋಗಿರುತ್ತೆ. ಹೀಟರ್ ಕೋರ್ (ಒಳಗೆ ಬಿಸಿ ಗಾಳಿ ಕೊಡೋಕೆ ಕೂಲಂಟ್ ಹರಿಯೋ ಪುಟ್ಟ ರೇಡಿಯೇಟರ್) ಸೋರಿದ್ರೆ ನೀರು ಅಂಟಂಟು, ಸಿಹಿ ವಾಸನೆ, ಕೂಲಂಟ್ ಮಟ್ಟ ಇಳಿಯುತ್ತೆ. ಮಳೆ ಅಥವಾ ವಾಷಿಂಗ್ ಆದ ಮೇಲೆ ಮಾತ್ರ, ಬಾಗಿಲಿನ ಬದಿಯಿಂದ ಒದ್ದೆಯಾದ್ರೆ ಮೊದಲ ಅನುಮಾನ ಬಾಗಿಲಿನ ಮೇಲೆ. ಡಿಕ್ಕಿಯಲ್ಲಿ ನೀರಿದ್ರೆ ಹಿಂದಿನ ಲೈಟಿನ ಗ್ಯಾಸ್ಕೆಟ್, ಮೇಲಿನ ಬ್ರೇಕ್ ಲೈಟು, ಬಂಪರ್ ಹಿಂದೆ ಇರೋ ಗಾಳಿ ಹೋಗೋ ಫ್ಲ್ಯಾಪ್ ನೋಡಿ. ಎಷ್ಟೋ ಕಾರಲ್ಲಿ ಬ್ಯಾಟರಿ ಕೂಡ ಅಲ್ಲೇ.

ಈಗ ನಿಜವಾಗಿ ಹೊಟ್ಟೆ ಉರಿದ ವಿಷಯ. ಮೂರನೇ ಸಲ ಕೊಡೋ ಮೊದಲು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಸಾಧನ) ಹಾಕಿ ನೋಡಿದ್ದೆ. ಯು0140 ಇತ್ತು, ಬಾಡಿ ಕಂಟ್ರೋಲ್ ಮಾಡ್ಯೂಲ್ ಜೊತೆ ಸಂಪರ್ಕ ಕಡಿದಿದೆ ಅಂತ ಅರ್ಥ. ವಾಪಸ್ ಬಂದ ಜಾಬ್ ಕಾರ್ಡ್‌ನಲ್ಲಿ ಆ ಎಸಿ ನೀರಿನ ಮಾತಿನ ಜೊತೆಗೆ "ಯಾವುದೇ ದೋಷ ಕಂಡುಬಂದಿಲ್ಲ". ಅಡ್ವೈಸರ್ ನಗುಮುಖದಿಂದಲೇ ಹೇಳಿದ್ದು: "ಒಂದು ಕೋಡೂ ಇಲ್ಲ ಸಾರ್, ಗಾಡಿ ಕ್ಲೀನ್." ಗೇಟಿನ ಹೊರಗೆ ನಿಲ್ಲಿಸಿ ಮತ್ತೆ ಸ್ಕ್ಯಾನರ್ ಚುಚ್ಚಿದೆ. ನಿಜ, ಒಂದು ಕೋಡೂ ಇಲ್ಲ. ಆದ್ರೆ ಲೈವ್ ಡೇಟಾದಲ್ಲಿ ಕೋಡ್ ಅಳಿಸಿದ ಮೇಲೆ ಕಾರು ಓಡಿದ ದೂರ ಅಂತ ಒಂದು ಲೆಕ್ಕ ಇರುತ್ತೆ. ಅದು 3 ಕಿಲೋಮೀಟರ್. ಕೋಡ್ ಅಳಿಸಿದ ಮೇಲೆ ಕಾರು ತಾನೇ ಹೊಸದಾಗಿ ಮಾಡಿಕೊಳ್ಳೋ ರೆಡಿನೆಸ್ ಟೆಸ್ಟುಗಳೂ ಅಪೂರ್ಣ. ಬ್ಯಾಟರಿ ಬಿಚ್ಚಿದ್ರೂ ಕೆಲವು ಕಾರುಗಳಲ್ಲಿ ಈ ಲೆಕ್ಕ ಸೊನ್ನೆಗೆ ಬರುತ್ತೆ, ಆದ್ರೆ ಆ ಸಲ ಬ್ಯಾಟರಿ ಮುಟ್ಟಿಲ್ಲ ಅಂತ ಅವರ ಜಾಬ್ ಕಾರ್ಡೇ ಹೇಳ್ತಿತ್ತು. ಕೋಡ್ ನೋಡಿದ್ದಾರೆ, ಅಳಿಸಿದ್ದಾರೆ, ಇಲ್ಲ ಅಂತ ಬರೆದಿದ್ದಾರೆ. ಕಿವಿ ಮೇಲೆ ಹೂವಿಟ್ಟು ಕಳಿಸಿದ್ರು, ನಾನು ಥ್ಯಾಂಕ್ಸ್ ಹೇಳಿ ಸಹಿ ಹಾಕಿ ಬಂದಿದ್ದೆ. ಆ ಸಹಿ ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಆಮೇಲೆ ಸೀಟು ಬಿಚ್ಚಿಯೇ ನೋಡಿದ್ದು. ಮೇಲಿನ ಕಾರ್ಪೆಟ್ ಮುಟ್ಟಿದ್ರೆ ಬರೀ ತಂಪು, ಒದ್ದೆ ಅಂತ ಹೇಳೋಕಾಗಲ್ಲ. ಅದಕ್ಕೇ ಎಲ್ಲರೂ ಮೋಸ ಹೋಗೋದು. ಅದರ ಬೆನ್ನಿಗೆ ದಪ್ಪ ಫೋಮ್ ಇರುತ್ತೆ, ನೀರು ಕುಡಿಯೋದು ಅದು. ಅಂಗೈ ಇಟ್ಟು ಒತ್ತಿದ್ರೆ ಬೆರಳ ಸಂದಿಯಿಂದ ನೀರು ಉಕ್ಕಿತು. ಬುಡದಲ್ಲಿ, ನೆಲದ ತಗ್ಗಿನಲ್ಲಿ, ಒಂದು ಮಾಡ್ಯೂಲ್. ಅದರ ಕಪ್ಲರ್ ಎಳೆದಾಗ ಕಚ್ಚಿಕೊಂಡೇ ಬಂತು, ಎರಡು ಪಿನ್ ತುಂಬ ಹಸಿರು ಕಿಲುಬು. ಬಾನೆಟ್ ಕೆಳಗಿನ ಕಪ್ಲರ್‌ಗಳಿಗೆ ರಬ್ಬರ್ ಸೀಲ್ ಇರುತ್ತೆ, ಕ್ಯಾಬಿನ್ ಒಳಗಿನ ಬಹುಪಾಲು ಕಪ್ಲರ್‌ಗಳಿಗೆ ಇರಲ್ಲ. ಒಳಗೆ ಒಣ ಇರುತ್ತೆ ಅನ್ನೋ ನಂಬಿಕೆ. ಕಾರು ತಗ್ಗಾಗಿರಬೇಕು, ಭಾರ ಕೆಳಗಿರಬೇಕು, ಜಾಗವೂ ಕಡಿಮೆ, ಹಾಗಾಗಿ ಸ್ಪೋರ್ಟ್ಸ್ ಕಾರಲ್ಲಿ ಇಂಥ ಪೆಟ್ಟಿಗೆಗಳು ನೆಲದಲ್ಲೋ ಸೀಟಿನ ಹಿಂದೋ ಕೂತಿರ್ತವೆ. ನೀರು ಬಂದ್ರೆ ಮೊದಲು ಮುಳುಗೋದು ಅವೇ.

ಇನ್ನು ಬಾಗಿಲು. ಬಾಗಿಲಿನ ಒಳಗೆ ನೀರು ಹೋಗೋದು ತಪ್ಪಲ್ಲ, ಗಾಜಿನ ಮೇಲಿಂದ ಇಳಿದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಅದು ಕ್ಯಾಬಿನ್‌ಗೆ ಬರದ ಹಾಗೆ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ, ಸುತ್ತ ಕಪ್ಪು ಬ್ಯುಟೈಲ್ ಅಂಟು. ಇಲ್ಲಿ ಕೆಳಗಿನ ಮೂಲೆಯಲ್ಲಿ ಅಂಗೈಯಷ್ಟು ಉದ್ದ ಅಂಟು ಬಿಟ್ಟಿತ್ತು. ಬಿಟ್ಟಿದ್ದಲ್ಲ, ಯಾರೋ ಬಿಡಿಸಿದ್ದು. ಅಂಟಿನ ಮೇಲೆ ಧೂಳು ಕೂತಿತ್ತು, ಧೂಳಿನ ಮೇಲೆ ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಧೂಳು ಹಿಡಿದ ಬ್ಯುಟೈಲ್ ಮತ್ತೆ ಅಂಟಲ್ಲ, ಹೊಸ ಪಟ್ಟಿಯೇ ಹಾಕಬೇಕು. ಡೋರ್ ಪ್ಯಾಡಿನ ಕ್ಲಿಪ್ ಒಂದು ಮುರಿದಿತ್ತು. ಮೂರು ಸಲದ ಜಾಬ್ ಕಾರ್ಡ್‌ನಲ್ಲೂ ಬಾಗಿಲಿನ ಮಾತೇ ಇಲ್ಲ. ಹಾಗಾದ್ರೆ ಈ ಬಾಗಿಲು ಬಿಚ್ಚಿದ್ದು ಯಾವಾಗ? ಡೆಲಿವರಿಗೆ ಮೊದಲಾ? ಕೇಳಿದೆ. ಉತ್ತರ ಇಲ್ಲ.

ಬೇರೆ ಉತ್ತರ ಬಂತು, ಬರವಣಿಗೆಯಲ್ಲಿ: "ಹೊರಗಿನಿಂದ ಬಂದ ನೀರಿನ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ. ಪ್ರೆಶರ್ ವಾಷರ್ ಬಳಸಿರುವ ಸಾಧ್ಯತೆ ಇದೆ." ಹೋದ ವಾರದವರೆಗೆ ಇದೇ ನೀರು ಎಸಿ ನೀರಾಗಿತ್ತು! ಒಳಗಿಂದ ಬಂದ್ರೆ ನಾರ್ಮಲ್, ಹೊರಗಿಂದ ಬಂದ್ರೆ ವಾರಂಟಿ ಇಲ್ಲ. ಎರಡೂ ಅವರದ್ದೇ ಮಾತು, ಎರಡೂ ಕಾಗದದ ಮೇಲಿದೆ. ಅವರ ಸಹಿ ಇರೋ ಮೂರನೇ ಜಾಬ್ ಕಾರ್ಡಿನ ಫೋಟೋ ಕಳಿಸಿದ ಮೇಲೆ "ಮೇಲಿನವರ ಜೊತೆ ಮಾತಾಡ್ತೀವಿ ಸಾರ್" ಅಂದ್ರು. ಇನ್ನೂ ಮಾತಾಡ್ತಾ ಇದ್ದಾರೆ.

ನಿಮಗೆ ಹೇಳೋದು ಇಷ್ಟು. ಕಾರು ಕೊಡುವಾಗ "ಎಲೆಕ್ಟ್ರಿಕಲ್ ಸಮಸ್ಯೆ" ಅಂತ ಬರೆಸಬೇಡಿ, "ಮಳೆ ನಂತರ ಕಾರ್ಪೆಟ್ ಒದ್ದೆ, ನೀರಿನ ಪರೀಕ್ಷೆ ಮಾಡಬೇಕು" ಅಂತ ಬರೆಸಿ. ಕೊಡೋ ಮೊದಲು ಒಂದು ಸ್ಕ್ಯಾನ್, ತಗೊಂಡ ಮೇಲೆ ಗೇಟಿನ ಒಳಗೇ ಇನ್ನೊಂದು. ನೀರಿನ ಪರೀಕ್ಷೆ ಅಂದ್ರೆ ಪ್ರೆಶರ್ ಇಲ್ಲದ ಮಾಮೂಲಿ ಪೈಪು, ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಹೊರಗೆ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲ ಕಡೆ ಹರಿದು ಯಾವುದು ಸೋರ್ತಿದೆ ಅಂತಲೇ ಗೊತ್ತಾಗಲ್ಲ. ಡೋರ್ ಪ್ಯಾಡ್ ಬಿಚ್ಚಿಸಿಯೇ ನೋಡಿಸಿ.

"ಒಣಗಿಸಿ ಕೊಡ್ತೀವಿ" ಅಂದ್ರೆ ಹೇಗೆ ಅಂತ ಕೇಳಿ. ಕಾರ್ಪೆಟ್ ಮೇಲಿಂದ ಬಿಸಿ ಗಾಳಿ ಊದಿದ್ರೆ ಮೇಲ್ಗಡೆ ಮಾತ್ರ ಒಣಗುತ್ತೆ, ಫೋಮ್ ಹಾಗೇ ಇರುತ್ತೆ. ಬ್ಯಾಟರಿ ಬಿಚ್ಚಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಸೀಟಿನ ಹಳದಿ ಏರ್‌ಬ್ಯಾಗ್ ಕಪ್ಲರ್ ಬಿಡಿಸಿ, ಸೀಟು ತೆಗೆದು, ಕಾರ್ಪೆಟ್ಟನ್ನ ಹೊರಗೆ ಹಾಕಿ ಫೋಮ್ ಹಿಂಡಿ, ಫ್ಯಾನ್ ಕೆಳಗೆ ದಿನಗಟ್ಟಲೆ ಇಡಬೇಕು. ಸೀಟು ಜೋಡಿಸದೆ ಇಗ್ನಿಷನ್ ಹಾಕಬೇಡಿ, ಏರ್‌ಬ್ಯಾಗ್ ಕೋಡ್ ಕೂರುತ್ತೆ. ಕಿಲುಬು ಹಿಡಿದ ಪಿನ್ನಿಗೆ ಸ್ಪ್ರೇ ಹೊಡೆದು ತೇಪೆ ಹಾಕಿದ್ರೆ ಒಪ್ಪಬೇಡಿ. ನೀರು ವೈರಿನ ಎಳೆಗಳ ಸಂದಿಯಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತೆ. ವೈರಿನ ಸಿಪ್ಪೆ ಸುಲಿದು ತಾಮ್ರ ಎಲ್ಲಿವರೆಗೆ ಕಪ್ಪಾಗಿದೆಯೋ ಅಲ್ಲಿವರೆಗೆ ಕತ್ತರಿಸಿ ಹೊಸ ಪಿನ್ ಹಾಕಿಸಬೇಕು.

ಆ ಬದಿಗೆ ಹೊಸ ಬ್ಯುಟೈಲ್ ಬಿದ್ದಾಗಿದೆ, ಗಾಜಿಗೂ ಪಾಠ ಆಗಿದೆ, ನೀರು ಬಿಟ್ಟು ನೋಡಿದ್ರೆ ಒಣ. ಮಾಡ್ಯೂಲ್ ಇನ್ನೂ ಬಂದಿಲ್ಲ. ಡ್ರೈವರ್ ಬದಿಯ ಬಾಗಿಲು ಬಿಚ್ಚಿಲ್ಲ. ಆದ್ರೆ ಅಲ್ಲೂ ಡೋರ್ ಪ್ಯಾಡಿನ ಕೆಳಗಿನ ಅಂಚು ಒಂದು ಕಡೆ ಎದ್ದುಕೊಂಡಿರೋದು ಹೊರಗಿಂದಲೇ ಕಾಣ್ತಾ ಇದೆ.